ನೀರಿನ ಕಂಪನಿಗಳ ಮುಂದಿನ ಹೂಡಿಕೆ: ಪರಿಸರದ ದೃಷ್ಟಿಯಿಂದ ಮೊದಲು ಯಾವುದಕ್ಕೆ ಹಣ?

ಪ್ರಶ್ನೆ (ರೆಡಿಂಗ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. 2025ರಿಂದ 2030ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ನೀರಿನ ಕಂಪನಿಗಳು 10,400 ಕೋಟಿ ಪೌಂಡ್ ವೆಚ್ಚ ಮಾಡಲು ನಿಯಂತ್ರಣ ಸಂಸ್ಥೆಯಾದ ಆಫ್‌ವಾಟ್ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಇದರಿಂದ ಮನೆಗಳ ನೀರಿನ ಬಿಲ್, ಹಣದುಬ್ಬರ ಬಿಟ್ಟು, ಸರಾಸರಿ ಶೇ. 36ರಷ್ಟು ಏರುತ್ತದೆ. ಅದರ ನಂತರದ ಅವಧಿಯ ಯೋಜನೆಗೆ ಗ್ರಾಹಕರ ಅಭಿಪ್ರಾಯ ಕೇಳಿದರೆ ನಾನು ಏನು ಬರೆಯಬೇಕು? ಕೊಳಚೆ ತಡೆಯುವುದು, ಸೋರಿಕೆ ನಿಲ್ಲಿಸುವುದು, ಜಲಾಶಯ ಕಟ್ಟುವುದು, ಇವೆಲ್ಲವೂ ಬೇಕಾದವೇ. ಆದರೆ ಮೊದಲ ಸ್ಥಾನ ಯಾವುದಕ್ಕೆ ಸಲ್ಲಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನನ್ನ ಮಟ್ಟಿಗೆ ಮೊದಲ ಸ್ಥಾನ ಕೊಳಚೆಗೇ. ಹಳೆಯ ಊರುಗಳಲ್ಲಿ ಮಳೆನೀರೂ ಶೌಚದ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಕೊಳವೆಗಳು ಕೂಡುವ ತೊಟ್ಟಿಯೊಳಗೆ ಒಂದು ಗಿಡ್ಡ ಗೋಡೆ ಇರುತ್ತದೆ. ಜೋರು ಮಳೆಗೆ ಮಟ್ಟ ಏರಿದಾಗ ಹೆಚ್ಚಾದ ನೀರು ಮನೆಗಳೊಳಗೆ ಉಕ್ಕದಿರಲೆಂದು ಆ ಗೋಡೆಯನ್ನು ದಾಟಿ ನೇರವಾಗಿ ನದಿಗೆ ಬೀಳುತ್ತದೆ. 2024ರಲ್ಲಿ ಇಂಗ್ಲೆಂಡಿನಾದ್ಯಂತ ಹೀಗೆ ಹರಿದ ಅವಧಿಯನ್ನೆಲ್ಲ ಕೂಡಿಸಿದರೆ 36 ಲಕ್ಷ ಗಂಟೆ ದಾಟುತ್ತದೆ. ಲಂಡನ್ನಿನಲ್ಲಿ ಇದನ್ನು ತಡೆಯಲು ಥೇಮ್ಸ್ ನದಿಯ ಉದ್ದಕ್ಕೂ 25 ಕಿಲೋಮೀಟರ್ ಸುರಂಗ ಕೊರೆದರು. ಆದರೆ ಪ್ರತಿ ಊರಿಗೂ ಸುರಂಗ ಕೊರೆಯಲಾಗದು. ಚಾವಣಿ ಮತ್ತು ರಸ್ತೆಗಳ ಮಳೆನೀರು ಕೊಳವೆಗೆ ಇಳಿಯುವ ಮೊದಲೇ ಅದನ್ನು ಮಣ್ಣಿಗೆ ಇಂಗಿಸುವ ಕೆಲಸಕ್ಕೆ ಹೆಚ್ಚು ಹಣ ಮೀಸಲಿಡಬೇಕೆಂದು ಬರೆಯಿರಿ.

ಉತ್ತರ 2

ಮೇಲಿನವರ ಮಾತನ್ನು ಗೌರವಿಸುತ್ತಲೇ ಬೇರೆ ಅಭಿಪ್ರಾಯ ಹೇಳುತ್ತೇನೆ. ನದಿಯಲ್ಲಿ ನೀರೇ ಇಲ್ಲದಿದ್ದರೆ ಅದನ್ನು ಶುಚಿಗೊಳಿಸಿ ಏನು ಪ್ರಯೋಜನ? ಸುಣ್ಣದ ಬಂಡೆಯೊಳಗಿಂದ ಒಸರುವ, ತಳದ ಕಲ್ಲು ಕಾಣುವಷ್ಟು ತಿಳಿಯಾದ ಚಾಕ್ ಹೊಳೆಗಳು ಜಗತ್ತಿನಲ್ಲೇ ಹೆಚ್ಚಾಗಿ ಇರುವುದು ಇಂಗ್ಲೆಂಡಿನಲ್ಲಿ. ನಿಮ್ಮ ಊರಿನಲ್ಲೇ ಥೇಮ್ಸ್ ಸೇರುವ ಕೆನೆಟ್ ಅವುಗಳಲ್ಲೊಂದು. ಆ ಬಂಡೆಗೇ ಬೋರ್‌ವೆಲ್ ಇಳಿಸಿ ಕುಡಿಯುವ ನೀರೆತ್ತುವುದರಿಂದ ಬೇಸಿಗೆಯಲ್ಲಿ ಇಂಥ ಹೊಳೆಗಳ ಮೇಲ್ಭಾಗ ಬತ್ತುತ್ತದೆ. ಇತ್ತ, ಶುದ್ಧೀಕರಿಸಿ ಕೊಳವೆಗೆ ಬಿಟ್ಟ ನೀರಿನಲ್ಲಿ ಸುಮಾರು ಐದನೇ ಒಂದು ಭಾಗ ಸೋರಿಹೋಗುತ್ತಿದೆ; ಆ ಸೋರಿಕೆಯನ್ನು ಅರ್ಧಕ್ಕೆ ಇಳಿಸುವ ಗುರಿ ಇರುವುದು 2050ಕ್ಕೆ. ಅಷ್ಟು ದೂರದ ಗುರಿಯನ್ನು ನಾನಂತೂ ಒಪ್ಪಲಾರೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಹಾಗಾದರೆ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಊರಿನ ಬಳಿ ಕಟ್ಟಲು ಯೋಜಿಸಿರುವ ಹೊಸ ಜಲಾಶಯವನ್ನು ಬೆಂಬಲಿಸಬೇಕೆ?

ಉತ್ತರ 2

ಷರತ್ತಿನೊಂದಿಗೆ ಬೆಂಬಲಿಸಿ. 1990ರ ದಶಕದ ಆರಂಭದ ನಂತರ ಇಂಗ್ಲೆಂಡಿನಲ್ಲಿ ದೊಡ್ಡ ಜಲಾಶಯವೊಂದೂ ಪೂರ್ಣಗೊಂಡಿಲ್ಲವಾದ್ದರಿಂದ ಅಗತ್ಯ ನಿಜವೇ. ಆದರೆ ಜಲಾಶಯದ ನೀರು ಬಂದ ಮೇಲೆ ಯಾವ ಬೋರ್‌ವೆಲ್‌ನಿಂದ ಎಷ್ಟು ನೀರೆತ್ತುವುದನ್ನು ನಿಲ್ಲಿಸುತ್ತೇವೆಂದು ಕಂಪನಿ ಯೋಜನೆಯಲ್ಲೇ ಬರೆದುಕೊಡಬೇಕು. ಇಲ್ಲವಾದರೆ ಹೊಸ ನೀರೆಲ್ಲ ಹೊಸ ಬಡಾವಣೆಗಳಿಗೆ ಹೋಗಿ, ಹೊಳೆ ಇದ್ದ ಹಾಗೇ ಉಳಿಯುತ್ತದೆ.

ಉತ್ತರ 3

ಒಂದು ವಿಷಯ ಸೇರಿಸುತ್ತೇನೆ. ಕಾನೂನಿನಲ್ಲೇ ಗಡುವು ಇರುವ ಕೆಲಸವನ್ನು ಕಂಪನಿ ಮಾಡಲೇಬೇಕು. ಅದನ್ನು ಹೇಗೆ ಮಾಡಬೇಕು ಎಂಬಲ್ಲಿ ಗ್ರಾಹಕರ ಮಾತಿಗೆ ಬೆಲೆಯಿದೆ. ಸಂಸ್ಕರಿಸಿದ ಕೊಳಚೆಯ ಮೂಲಕ ನದಿ ಸೇರಿ ಪಾಚಿ ಬೆಳೆಸುವ ರಂಜಕವನ್ನು (ಫಾಸ್ಫರಸ್) 2038ರೊಳಗೆ ಶೇ. 80ರಷ್ಟು ತಗ್ಗಿಸಬೇಕು. ಇದಕ್ಕಾಗಿ ಘಟಕಗಳಲ್ಲಿ ಕಬ್ಬಿಣದ ಲವಣ ಸುರಿಯುತ್ತಾರೆ. ಅದನ್ನು ಟ್ಯಾಂಕರ್‌ಗಳಲ್ಲಿ ತರಿಸಬೇಕು, ಹೆಚ್ಚುವ ಕೆಸರನ್ನೂ ಸಾಗಿಸಬೇಕು. ಅದರ ಬದಲು ಸಣ್ಣ ಹಳ್ಳಿಗಳ ಘಟಕದ ಪಕ್ಕ ಜೊಂಡು ಬೆಳೆಸಿದ ಜೌಗು ಕೊಳಗಳಿಗೆ ಜಾಗವಿದೆಯೇ ಎಂದು ಮೊದಲು ನೋಡಿರೆಂದು ಕೇಳಿ. ಹೊಲಗಳಿಂದ ಬರುವ ರಂಜಕ ಬೇರೆಯೇ ಇದೆ; ಅಲ್ಲಿ ರೈತರೊಂದಿಗೆ ಕೂಡಿ ಕೆಲಸ ಮಾಡಲು ಕಂಪನಿ ಎಷ್ಟು ಹಣ ತೆಗೆದಿರಿಸಿದೆ ಎಂಬುದನ್ನೂ ಲಿಖಿತವಾಗಿಯೇ ಕೇಳಿ.