ಪದಚರ್ಚೆ: ‘ಬೇರಿಂಗ್ ಸರ್ಫೇಸ್’ಗೆ ಏನೆನ್ನೋಣ? ‘ಮೆಟಲ್ ಆನ್ ಪಾಲಿಎಥಿಲೀನ್’ ಎಂಬುದನ್ನು ಹೇಗೆ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಹೊರಟವರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬೇರಿಂಗ್ ಸರ್ಫೇಸ್’ ಎಂಬಲ್ಲಿ ಕೈ ನಿಂತಿದೆ. ತೊಡೆಮೂಳೆಯ ತುದಿಗೆ ಕೂರಿಸಿದ ಗುಂಡು ಬಟ್ಟಲಿನೊಳಗೆ ತಿರುಗುವಾಗ ಒಂದಕ್ಕೊಂದು ತಾಗಿ ಜಾರುವ ಎರಡು ಮೈಗಳಿಗೆ ಆ ಹೆಸರು. ‘ಧಾರಕ ಮೇಲ್ಮೈ’ ಎಂದರೆ ಭಾರ ಹೊರುವುದಷ್ಟೇ ಕೇಳಿಸುತ್ತದೆ. ‘ಘರ್ಷಣ ಮೇಲ್ಮೈ’ ಎಂದರೆ ರೋಗಿ ಹೆದರಿಯಾನು. ‘ಬೇರಿಂಗ್’ ಎಂದೇ ಉಳಿಸೋಣವೆಂದರೆ ಸೈಕಲ್ ರಿಪೇರಿ ನೋಡಿದವರಿಗೆಲ್ಲ ಅದು ಉಕ್ಕಿನ ಸಣ್ಣ ಗುಂಡುಗಳ ಸಾಲು. ನನ್ನ ಒಲವು ‘ಉಜ್ಜುಮೈ’ ಕಡೆಗೆ, ಏಕೆಂದರೆ ಸವೆಯುವುದು ಈ ಮೈಯೇ.

ಸವೆತವೇ ಇಲ್ಲಿನ ಮುಖ್ಯ ಕಥೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಮೊದಲು ಟೆಫ್ಲಾನ್ ಬಟ್ಟಲು ಹಾಕಿದರು. ಅದು ನುಣುಪೇನೋ ಹೌದು, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರಲ್ಲಿ ಅವರು ಪಾಲಿಎಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್‌ಗೆ ಹೊರಳಿದ ಮೇಲೆ ಕೀಲು ಬಾಳಿಕೆ ಬಂತು. ಆದರೂ ಉದುರಿದ ಸೂಕ್ಷ್ಮ ಪುಡಿಗೆ ದೇಹ ಸಿಡುಕುತ್ತದೆ. ಸುತ್ತಲಿನ ಮೂಳೆ ಕರಗಿ ಕೀಲು ಸಡಿಲವಾಗುತ್ತದೆ. ಈ ಪುಡಿಗೆ ಹಿಂದಿನ ಕರಡಿನಲ್ಲಿ ‘ಸವೆತದ ಭಗ್ನಾವಶೇಷ’ ಎಂದಿತ್ತು. ಓದುತ್ತಿದ್ದಂತೆ ಹಂಪಿ ಕಣ್ಮುಂದೆ ಬಂತು! ‘ಸವೆತದ ಪುಡಿ’ ಎಂದು ತಿದ್ದಿದ್ದೇನೆ.

ಇದಕ್ಕಿಂತ ದೊಡ್ಡ ತೊಡಕು ‘ಆನ್’ ಎಂಬ ಪುಟ್ಟ ಪದದ್ದು. ‘ಮೆಟಲ್ ಆನ್ ಪಾಲಿಎಥಿಲೀನ್’ ಎಂಬಲ್ಲಿ ಮೊದಲು ಬರುವುದು ಗುಂಡು, ಆಮೇಲೆ ಬಟ್ಟಲು. ಅದೇ ಕ್ರಮದಲ್ಲಿ ‘ಲೋಹದ ಮೇಲೆ ಪಾಲಿಎಥಿಲೀನ್’ ಎಂದು ಬರೆದರೆ ಲೋಹಕ್ಕೆ ಪ್ಲಾಸ್ಟಿಕ್ ಲೇಪಿಸಿದಂತೆ ಓದಿಕೊಳ್ಳುತ್ತದೆ. ತಿರುಗಿಸಿ ‘ಪಾಲಿಎಥಿಲೀನ್ ಮೇಲೆ ಲೋಹ’ ಎಂದರೂ ಲೇಪನದ ವಾಸನೆ ಹೋಗದು. ‘ಲೋಹದ ಗುಂಡು, ಪಾಲಿಎಥಿಲೀನ್ ಬಟ್ಟಲು’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ನನಗನ್ನಿಸುತ್ತದೆ. ಉದ್ದವಾದರೆ ಆಗಲಿ. ಲೋಹಕ್ಕೆ ಲೋಹವೇ ಉಜ್ಜುವ ಜೋಡಿಗಳಲ್ಲಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿ ತೊಂದರೆಯಾದದ್ದು, 2010ರಲ್ಲಿ ಕೃತಕ ಕೀಲು ತಯಾರಿಸುವ ಡೆಪ್ಯೂ ಕಂಪನಿ ಅಂಥದ್ದೇ ಜೋಡಿಯ ತನ್ನ ಎಎಸ್‌ಆರ್ ಮಾದರಿಯನ್ನು ಹಿಂದಕ್ಕೆ ಪಡೆದದ್ದು ಪತ್ರಿಕೆಗಳಲ್ಲಿ ಬಂದಿವೆ. ತನ್ನದು ಯಾವ ಜೋಡಿ ಎಂಬುದರಲ್ಲಿ ರೋಗಿಗೆ ಗೊಂದಲ ಉಳಿಯಬಾರದು.

‘ಬಟ್ಟಲು’ ಕೂಡ ಪೂರ್ತಿ ಸರಿಯಲ್ಲ. ಈಗಿನ ಹಲವು ಕೀಲುಗಳಲ್ಲಿ ಮೂಳೆಗೆ ಕಚ್ಚುವ ಹೊರಚಿಪ್ಪು ಟೈಟಾನಿಯಂನದು; ಉಜ್ಜುವುದು ಅದರೊಳಗಿನ ಬೇರೆ ಪದರ. ಟೈಟಾನಿಯಂ ಉಜ್ಜಾಟಕ್ಕೆ ಒಗ್ಗುವ ಲೋಹವಲ್ಲ, ಬೇಗ ಗೀರು ಬೀಳುತ್ತದೆ. ಒಳಪದರಕ್ಕೆ ದರ್ಜಿಗಳ ‘ಅಸ್ತರು’ ಎಂಬ ಪದ ನನಗೆ ಹಿಡಿಸಿದೆ. ಸೆರಾಮಿಕ್‌ಗೆ ‘ಪಿಂಗಾಣಿ’ ಎಂದು ಸಲಹೆ ಬಂದಿತ್ತು, ಒಪ್ಪಲಿಲ್ಲ: ಇಲ್ಲಿ ಬಳಸುವುದು ಅಲ್ಯೂಮಿನಾ ಮೂಲದ ಬಲು ಗಟ್ಟಿಯಾದ ವಸ್ತು, ಓದುಗನಿಗೆ ನೆನಪಾಗುವುದು ಚಹಾದ ಕಪ್ಪು.

ಬಲ್ಲವರು ಮೂರು ವಿಷಯ ತಿಳಿಸಬೇಕು. ‘ಉಜ್ಜುಮೈ’ ಮೊದಲ ಓದಿಗೇ ತಿಳಿಯುತ್ತದೆಯೇ? ‘ಅಸ್ತರು’ ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಒಂದೇ ಅರ್ಥದಲ್ಲಿ ನಡೆಯುತ್ತದೆಯೇ? ಮೂಳೆ ವೈದ್ಯರು ಯಾರಾದರೂ ಇದ್ದರೆ, ಕನ್ನಡದ ರೋಗಿಗಳಿಗೆ ಈ ಜೋಡಿಗಳನ್ನು ಬಾಯಿಮಾತಿನಲ್ಲಿ ಹೇಗೆ ವಿವರಿಸುತ್ತೀರಿ?