ಅಪ್‌ಡೇಟ್: ಲಿಂಕ್ ಅಗ್ರಿಗೇಶನ್ ಮತ್ತು ಸ್ಪ್ಯಾನಿಂಗ್ ಟ್ರೀ ಸಮಸ್ಯೆ ಬಗೆಹರಿದಿದೆ

ಎರಡು ಸ್ವಿಚ್‌ಗಳ ನಡುವಿನ 1 ಗಿಗಾಬಿಟ್‌ನ ಎರಡು ಕೇಬಲ್‌ಗಳನ್ನು ಒಂದೇ ಲಿಂಕಾಗಿ ಒಗ್ಗೂಡಿಸಿದ ಮೇಲೂ, ಸ್ಪ್ಯಾನಿಂಗ್ ಟ್ರೀ (ಸುತ್ತು ಉಂಟಾಗದಂತೆ ಹೆಚ್ಚುವರಿ ದಾರಿಯನ್ನು ತಡೆಯುವ ವ್ಯವಸ್ಥೆ) ಚಾಲನೆಯಲ್ಲಿದ್ದಾಗಲೂ, ಮ್ಯಾಕ್ ವಿಳಾಸಗಳು (ಸಾಧನಗಳ ಹಾರ್ಡ್‌ವೇರ್ ವಿಳಾಸಗಳು) ಪೋರ್ಟ್‌ನಿಂದ ಪೋರ್ಟ್‌ಗೆ ಜಿಗಿಯುತ್ತಿರುವುದೇಕೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು, ಕಾರಣ ಸಿಕ್ಕಿದೆ.

ರೂಟ್ (ಸ್ಪ್ಯಾನಿಂಗ್ ಟ್ರೀಯ ಮೂಲ) ಆಗಿರುವ ಸ್ವಿಚ್‌ನಲ್ಲಿ ಬಂಡಲ್, ಅಂದರೆ ಒಗ್ಗೂಡಿಸಿದ ಲಿಂಕ್, ಸ್ಟ್ಯಾಟಿಕ್ ಆಗಿತ್ತು (ಎದುರಿನ ಸ್ವಿಚ್ ಜೊತೆ ಮಾತುಕತೆಯಿಲ್ಲದೆ ಕೈಯಾರೆ ಹೊಂದಿಸಿದ್ದು); ಎದುರಿನ ಸ್ವಿಚ್‌ನಲ್ಲಿ ಅವೇ ಎರಡು ಪೋರ್ಟ್‌ಗಳು ಬಿಡಿಬಿಡಿಯಾಗಿದ್ದವು. ಸ್ಪ್ಯಾನಿಂಗ್ ಟ್ರೀ ಇಡೀ ಬಂಡಲನ್ನು ಒಂದೇ ಪೋರ್ಟ್ ಎಂದು ಪರಿಗಣಿಸುವುದರಿಂದ ರೂಟ್ ಸ್ವಿಚ್ ತನ್ನ ಬಿಪಿಡಿಯುಗಳನ್ನು (ಸ್ಪ್ಯಾನಿಂಗ್ ಟ್ರೀಯ ಸಂದೇಶಗಳು) ಒಂದು ಕೇಬಲ್‌ನಲ್ಲಿ ಮಾತ್ರ ಕಳುಹಿಸುತ್ತಿತ್ತು. ಎರಡನೆಯ ಪೋರ್ಟ್‌ಗೆ ಏನೂ ತಲುಪದ ಕಾರಣ ಎದುರಿನ ಸ್ವಿಚ್ ಅದನ್ನು ತಡೆಯದೆ ತೆರೆದೇ ಇಟ್ಟಿತು. ಒಂದರಲ್ಲಿ ಬಂದ ಬ್ರಾಡ್‌ಕಾಸ್ಟ್ ಇನ್ನೊಂದರಿಂದ ಮರಳಿ ಹೋಗತೊಡಗಿತು; ಮ್ಯಾಕ್ ವಿಳಾಸಗಳು ಜಿಗಿಯುತ್ತಿದ್ದುದು ಇದರಿಂದಲೇ.

ಈಗ ಎರಡೂ ಕಡೆ ಎಲ್‌ಎಸಿಪಿಯನ್ನು (ಸ್ವಿಚ್‌ಗಳು ಪರಸ್ಪರ ಮಾತಾಡಿಕೊಂಡು ಬಂಡಲ್ ರಚಿಸುವ ಪ್ರೋಟೋಕಾಲ್) ಆಕ್ಟಿವ್ ಮೋಡ್‌ನಲ್ಲಿ ಇಟ್ಟಿದ್ದೇನೆ. ಎದುರಿನ ಸ್ವಿಚ್ ಒಪ್ಪಿಗೆ ಸೂಚಿಸುವವರೆಗೆ ಪೋರ್ಟ್ ಬಂಡಲ್‌ಗೆ ಸೇರುವುದೇ ಇಲ್ಲವಾದ್ದರಿಂದ, ಸ್ಟ್ಯಾಟಿಕ್ ಬಂಡಲ್ ಅನ್ನು ಅನಿವಾರ್ಯವಾದಾಗ ಮಾತ್ರ ಬಳಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗಿನ ಪ್ರತ್ಯೇಕ ವರ್ಚುವಲ್ ನೆಟ್‌ವರ್ಕ್) ಪಟ್ಟಿ ಮತ್ತು ವೇಗ ಎಲ್ಲ ಪೋರ್ಟ್‌ಗಳಲ್ಲೂ ಒಂದೇ ಆಗಿವೆ. ಸ್ಪ್ಯಾನಿಂಗ್ ಟ್ರೀ ಸೆಟ್ಟಿಂಗ್‌ಗಳನ್ನು ಬಂಡಲ್ ಇಂಟರ್‌ಫೇಸ್‌ಗೇ ಕೊಟ್ಟಿದ್ದೇನೆ.

ಇನ್ನೊಂದು ವಿಷಯ: ಒಂದು ಕೇಬಲ್ ಕಳಚಿದರೆ ಕೆಲವು ಸ್ವಿಚ್‌ಗಳು ಪಾತ್ ಕಾಸ್ಟನ್ನು (ದಾರಿ ಆರಿಸಲು ಸ್ಪ್ಯಾನಿಂಗ್ ಟ್ರೀ ಬಳಸುವ ಅಂಕ; ವೇಗ ಹೆಚ್ಚಿದಷ್ಟೂ ಇದು ಕಡಿಮೆ) 10000ದಿಂದ 20000ಕ್ಕೆ ಏರಿಸಿ ಟೋಪಾಲಜಿಯನ್ನೇ, ಅಂದರೆ ಬಳಕೆಯಲ್ಲಿರುವ ದಾರಿಗಳ ವಿನ್ಯಾಸವನ್ನೇ, ಬದಲಿಸಬಹುದು. ಹಾಗಾಗಿ ಕಾಸ್ಟನ್ನು ಕೈಯಾರೆ ನಿಗದಿಪಡಿಸಿದೆ. ಬಳಿಕ ಒಂದು ಕೇಬಲ್ ಕಿತ್ತು ನೋಡಿದಾಗ ಬಂಡಲ್ ಉಳಿಯಿತು, ಟೋಪಾಲಜಿ ಬದಲಾವಣೆಯ ಎಣಿಕೆಯೂ ಏರಲಿಲ್ಲ.