ಕೋಲಾರದಲ್ಲಿ ಸರ್ವರ್, ಬೆಂಗಳೂರಲ್ಲಿ ಸ್ಟ್ಯಾಂಡ್‌ಬೈ: ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಡಿಆರ್ (ಸರ್ವರ್ ಹೋದ್ರೆ ಮತ್ತೆ ಎಬ್ಬಿಸೋ ವ್ಯವಸ್ಥೆ) ಹೆಂಗ್ ಮಾಡೋದು?

ಮಂಡಿಲೆಕ್ಕ, ಕೋಲಾರ

ಎಲ್ರಿಗೂ ನಮಸ್ಕಾರ. ಕೋಲಾರ ಎಪಿಎಂಸಿಲಿ ಕೆಲವು ಟೊಮೇಟೊ ಮಂಡಿಗಳಿಗೆ ನಮ್ದೇ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟಿದೀವಿ. ಹರಾಜು ಶುರುವಾಯ್ತು ಅಂದ್ರೆ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಲಾಟ್ ಮೇಲೆ ಲಾಟ್ ಎಂಟ್ರಿ ಬೀಳ್ತಾನೇ ಇರುತ್ತೆ, ರೈತರು ಬಿಲ್ ಕೈಗೆ ಬರೋವರೆಗೂ ಕೌಂಟರ್ ಬಿಟ್ಟು ಕದಲಲ್ಲ. ಡೇಟಾ ಎಲ್ಲಾ ಇರೋದು ಒಂದೇ ಮೆಷಿನ್‌ನಲ್ಲಿ, ಪೋಸ್ಟ್‌ಗ್ರೆಸ್ 14, ಉಬುಂಟು 18.04, ರಾತ್ರಿ ಒಂದ್ಸಲ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತಗೋತೀವಿ ಅಷ್ಟೆ. ಬೆಳಗ್ಗೆ ಹತ್ತಕ್ಕೆ ಡಿಸ್ಕ್ ಹೋದ್ರೆ ಅವತ್ತಿನ ಹರಾಜೆಲ್ಲ ಹೋದಂಗೆ, ಯಾರಿಗೆ ಎಷ್ಟು ದುಡ್ಡು ಕೊಡ್ಬೇಕು ಅನ್ನೋದೇ ಗೊತ್ತಾಗಲ್ಲ. ಅದಕ್ಕೆ ಬೆಂಗಳೂರಲ್ಲಿ ಒಂದು ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು, ಅದ್ರಲ್ಲಿ ಉಬುಂಟು 22.04 ಹಾಕಿ, ಸ್ಟ್ರೀಮಿಂಗ್ ರೆಪ್ಲಿಕೇಶನ್ ಮಾಡೋಣ ಅಂತಿದೀವಿ, ಅಂದ್ರೆ ಇಲ್ಲಿನ ಸರ್ವರಲ್ಲಿ (ಪ್ರೈಮರಿ) ಆದ ಪ್ರತಿ ಬದಲಾವಣೆ ಆಗ್ತಿದ್ದಂಗೇ ಅಲ್ಲಿನ ಕಾಪಿಗೆ (ಸ್ಟ್ಯಾಂಡ್‌ಬೈ) ಹೋಗ್ಬೇಕು. ಸಿಂಕ್ (ಅಲ್ಲಿಗೆ ತಲುಪೋವರೆಗೂ ಕಾಯೋದು) ಇಡೋದಾ ಅಸಿಂಕ್ (ಕಾಯದೆ ಮುಂದೆ ಹೋಗೋದು) ಇಡೋದಾ? ಇಲ್ಲಿ ಸರ್ವರ್ ಬಿದ್ರೆ ಅದು ತಾನಾಗೇ ಬೆಂಗಳೂರಿಗೆ ಹೋಗೋ ಥರ ಮಾಡ್ಬೋದಾ? ಸ್ಟ್ಯಾಂಡ್‌ಬೈ ಬಂದ್ಮೇಲೆ ರಾತ್ರಿ ಡಂಪ್ ನಿಲ್ಲಿಸ್ಬೋದು ತಾನೆ, ಜಾಗ ಕಮ್ಮಿ ಇದೆ.

ತುಮಕೂರು ಡಿಬಿಎ

ಕೊನೇ ಪ್ರಶ್ನೆಗೆ ಮೊದ್ಲು ಹೇಳ್ತೀನಿ ಸಾರ್, ಡಂಪ್ ದಯವಿಟ್ಟು ನಿಲ್ಲಿಸ್ಬೇಡಿ. ಸ್ಟ್ಯಾಂಡ್‌ಬೈ ಬೇರೆ, ಬ್ಯಾಕಪ್ ಬೇರೆ. ಯಾರೋ ಯಾವ ರೋ ಅನ್ನೋ ವೇರ್ ಷರತ್ತು ಹಾಕದೆ ಡಿಲೀಟ್ ಹೊಡೆದ್ರೆ ಅದೂ ಅಷ್ಟೇ ನಿಯತ್ತಾಗಿ ಕ್ಷಣದಲ್ಲಿ ಬೆಂಗಳೂರು ತಲುಪುತ್ತೆ, ಎರಡೂ ಕಡೆ ಖಾಲಿ. ಕೋಡ್ ಇಡೋ ಸೈಟ್ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಆಗಿದ್ದು ಓದಿ, ಅವ್ರೇ ಎಲ್ಲಾ ಬರೆದು ಹಾಕಿದಾರೆ. ರೆಪ್ಲಿಕೇಶನ್ ಸರಿ ಮಾಡೋಕೆ ಹೋಗಿ, ಸ್ಟ್ಯಾಂಡ್‌ಬೈ ಅನ್ಕೊಂಡು ಪ್ರೈಮರಿಯ ಡೇಟಾ ಡೈರೆಕ್ಟರಿನೇ ಅಳಿಸಿಬಿಟ್ರು. ಡಂಪ್ ನೋಡಿದ್ರೆ ವರ್ಷನ್ ಹೊಂದದೆ ತುಂಬಾ ದಿನದಿಂದ ಫೇಲ್ ಆಗ್ತಿತ್ತು, ಯಾರಿಗೂ ಗೊತ್ತಿರ್ಲಿಲ್ಲ. ಕೊನೆಗೆ ಸುಮಾರು 6 ಗಂಟೆ ಹಿಂದಿನ ಸ್ನ್ಯಾಪ್‌ಶಾಟ್ ಒಂದು ಸಿಕ್ಕಿ ಬಚಾವಾದ್ರು, ನಡುವಿನ ಡೇಟಾ ಹೋಯ್ತು.

ನಿಮ್ಗೆ ಬೇಕಾಗಿರೋದು ಬೇಸ್ ಬ್ಯಾಕಪ್ (ಡೇಟಾ ಫೈಲ್‌ಗಳ ಪೂರ್ತಿ ಕಾಪಿ) ಜೊತೆಗೆ ವಾಲ್ ಆರ್ಕೈವ್ (ಪ್ರತಿ ಬದಲಾವಣೆ ಬರೆದಿಡೋ ಲಾಗ್ ಫೈಲ್‌ಗಳ ಸಂಗ್ರಹ). ಅದಿದ್ರೆ 10:42ಕ್ಕೆ ಡಿಲೀಟ್ ಆಗಿದ್ರೆ 10:41ರ ಸ್ಥಿತಿಗೆ ವಾಪಸ್ ಹೋಗ್ಬೋದು. ಆರ್ಕೈವ್ ಮಾತ್ರ ಆ ಸರ್ವರ್ ಇರೋ ಕೋಣೇಲಿ ಇಡ್ಬೇಡಿ.

ಸಿಂಕ್ ನಿಮ್ಗೆ ಬೇಡ. ಒಂದೇ ಸ್ಟ್ಯಾಂಡ್‌ಬೈ ಇಟ್ಕೊಂಡು ಸಿಂಕ್ ಮಾಡಿದ್ರೆ ಲಿಂಕ್ ಹೋದ ತಕ್ಷಣ ಇಲ್ಲಿ ಕಮಿಟ್ (ಎಂಟ್ರಿ ಖಾಯಂ ಆಗೋದು) ಕಾಯ್ತಾ ಕೂತ್ಕೊಳುತ್ತೆ, ರಸ್ತೇಲಿ ಜೆಸಿಬಿ ಕೇಬಲ್ ಕಿತ್ರೆ ಹರಾಜಿನ ಬಿಲ್ಲೇ ನಿಲ್ಲುತ್ತೆ. ಅಸಿಂಕ್‌ನಲ್ಲಿ ಕೊನೆಯ ಒಂದೆರಡು ಸೆಕೆಂಡಿನ ಎಂಟ್ರಿ ಹೋಗ್ಬೋದು, ಅದನ್ನ ಪ್ರಿಂಟಾದ ಬಿಲ್ ನೋಡಿ ಮತ್ತೆ ಹಾಕ್ಬೋದು.

ಚಿಕ್ಕಬಳ್ಳಾಪುರ ಲಿನಕ್ಸ್

ಮೇಲಿನವ್ರು ಹೇಳಿದ್ದೆಲ್ಲಾ ಸರಿ, ಆದ್ರೆ 18.04 ಇಂದ 22.04ಗೆ ಅಂದ್ರಲ್ಲ, ಅಲ್ಲಿ ದೊಡ್ಡ ಗುಂಡಿ ಇದೆ. 18.04ರಲ್ಲಿ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.27, 22.04ರಲ್ಲಿ 2.35. ನಡುವೆ 2.28ರಲ್ಲಿ ಅಕ್ಷರಗಳನ್ನ ಜೋಡಿಸೋ ಕ್ರಮಾನೇ ಬದಲಾಯಿತು. ಸ್ಟ್ರೀಮಿಂಗ್‌ನಲ್ಲಿ ಇಂಡೆಕ್ಸ್ (ಬೇಗ ಹುಡುಕೋಕೆ ಇರೋ ಪಟ್ಟಿ) ಇದ್ದಂಗೇ ಕಾಪಿ ಆಗುತ್ತಲ್ವಾ, ಹಳೇ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನ ಹೊಸ ಮೆಷಿನ್ ಹೊಸ ಕ್ರಮದಲ್ಲಿ ಓದುತ್ತೆ. ಎರರ್ ಏನೂ ಬರಲ್ಲ, ಎಲ್ಲಾ ಚೆನ್ನಾಗೇ ಕಾಣುತ್ತೆ. ಆದ್ರೆ ರೈತರ ಹೆಸರೋ ಊರೋ ಹುಡುಕಿದ್ರೆ ಇರೋ ರೋನೇ ಸಿಗದೆ ಇರ್ಬೋದು, ಯುನೀಕ್ ಇಂಡೆಕ್ಸ್ ಇದ್ರೂ ಡೂಪ್ಲಿಕೇಟ್ ಒಳಗೆ ಸೇರ್ಬೋದು. ಡೇಟಾಬೇಸ್ ಕೊಲೇಶನ್ (ಅಕ್ಷರ ಜೋಡಿಸೋ ನಿಯಮ) 'ಸಿ' (ಬರೀ ಬೈಟ್ ಕ್ರಮ) ಇದ್ರೆ ತೊಂದ್ರೆ ಇಲ್ಲ, ಅದನ್ನ ಮೊದ್ಲು ನೋಡಿ. ಇಲ್ಲಾಂದ್ರೆ ನನ್ನ ಸಲಹೆ, ಲಾಜಿಕಲ್ ರೆಪ್ಲಿಕೇಶನ್ (ಫೈಲ್ ಬದ್ಲು ಬರೀ ರೋಗಳನ್ನ ಕಳಿಸೋದು, ಇಂಡೆಕ್ಸ್ ಹೊಸ ಮೆಷಿನ್‌ನಲ್ಲೇ ಕಟ್ಟುತ್ತೆ) ಮಾಡಿ ಕೋಲಾರದ ಸರ್ವರನ್ನೇ ಮೊದ್ಲು 22.04ಗೆ ತನ್ನಿ, ಆಮೇಲೆ ಎರಡೂ ಕಡೆ ಒಂದೇ ಓಎಸ್ ಇಟ್ಕೊಂಡು ಸ್ಟ್ಯಾಂಡ್‌ಬೈ ಕಟ್ಟಿ.

ಇನ್ನೊಂದು, ರೆಪ್ಲಿಕೇಶನ್ ಸ್ಲಾಟ್ (ಸ್ಟ್ಯಾಂಡ್‌ಬೈ ಎಲ್ಲಿವರೆಗೆ ತಗೊಂಡಿದೆ ಅನ್ನೋ ಗುರುತು) ಹಾಕಿದ್ರೆ ಸ್ಟ್ಯಾಂಡ್‌ಬೈ ಬಿದ್ದಾಗ ಪ್ರೈಮರಿ ವಾಲ್ ಫೈಲ್ ಬಿಸಾಕೋದೇ ಇಲ್ಲ. ಒಂದೊಂದು 16 ಎಂಬಿ, ಕೂಡ್ತಾ ಕೂಡ್ತಾ ಡಿಸ್ಕ್ ತುಂಬಿ ಪ್ರೈಮರಿನೇ ನಿಲ್ಲುತ್ತೆ. 13ನೇ ವರ್ಷನ್‌ನಿಂದ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಅಂತ ಮಿತಿ ಇದೆ, ಡೀಫಾಲ್ಟ್‌ನಲ್ಲಿ ಮಿತಿ ಇರಲ್ಲ, ನೀವೇ ಹಾಕ್ಬೇಕು. ಜಾಗ ಕಮ್ಮಿ ಅಂತ ಬೇರೆ ಹೇಳಿದೀರ.

ಮಂಡಿಲೆಕ್ಕ, ಕೋಲಾರ

ತುಂಬಾ ಥ್ಯಾಂಕ್ಸ್ ಅಣ್ಣ, ಕೊಲೇಶನ್ ನೋಡ್ದೆ, 'ಸಿ' ಅಲ್ಲ. ಹಂಗಾದ್ರೆ ಓಎಸ್ ಮೊದ್ಲು. ಆಫೀಸಲ್ಲೇ ಎರಡು ಹಳೇ ಮೆಷಿನ್ ಇಟ್ಟು ಟೆಸ್ಟ್ ಮಾಡ್ತಿದೀನಿ, ರಾತ್ರಿ ಲ್ಯಾಗ್ (ಸ್ಟ್ಯಾಂಡ್‌ಬೈ ಎಷ್ಟು ಹಿಂದಿದೆ ಅನ್ನೋದು) ಗಂಟೆಗಟ್ಟಲೆ ತೋರಿಸ್ತಿದೆ, ಬೆಳಗ್ಗೆ ಎಂಟ್ರಿ ಹಾಕಿದ ತಕ್ಷಣ ಸೊನ್ನೆ. ಇದೇನು? ಮತ್ತೆ ಆಟೋಮ್ಯಾಟಿಕ್ ಬಗ್ಗೆ ಯಾರೂ ಹೇಳ್ಲಿಲ್ಲ.

ತುಮಕೂರು ಡಿಬಿಎ

ಅದು ನಿಜವಾದ ಲ್ಯಾಗ್ ಅಲ್ಲ. ಸ್ಟ್ಯಾಂಡ್‌ಬೈಲಿ ಕೊನೇ ಟ್ರಾನ್ಸಾಕ್ಷನ್ ರಿಪ್ಲೇ ಆದ (ಅಲ್ಲಿ ಸೇರಿದ) ಟೈಮನ್ನ ಈಗಿನ ಟೈಮಿಂದ ಕಳೀತಿದೀರ, ರಾತ್ರಿ ಯಾರೂ ಬರೀದಿದ್ರೆ ಆ ಅಂತರ ಬೆಳೀತಾನೇ ಹೋಗುತ್ತೆ. ಪ್ರೈಮರಿಲಿ ಪಿಜಿ ಸ್ಟಾಟ್ ರೆಪ್ಲಿಕೇಶನ್ ವ್ಯೂ ತೆಗೆದು, ಕಳಿಸಿದ ಎಲ್‌ಎಸ್‌ಎನ್‌ಗೂ (ವಾಲ್‌ನಲ್ಲಿ ಎಲ್ಲಿದೀವಿ ಅನ್ನೋ ನಂಬರ್) ರಿಪ್ಲೇ ಆದ ಎಲ್‌ಎಸ್‌ಎನ್‌ಗೂ ಎಷ್ಟು ಬೈಟ್ ವ್ಯತ್ಯಾಸ ಅಂತ ನೋಡಿ. ಅಲರ್ಟ್ ಅದ್ರ ಮೇಲೆ ಇಡಿ, ಆ ವ್ಯೂನಲ್ಲಿ ರೋನೇ ಇಲ್ಲ ಅಂದ್ರೂ ಫೋನಿಗೆ ಮೆಸೇಜ್ ಬರ್ಬೇಕು.

ಆಟೋಮ್ಯಾಟಿಕ್ ಎರಡೇ ಮೆಷಿನ್‌ನಲ್ಲಿ ಮಾಡ್ಲೇಬೇಡಿ. ಲಿಂಕ್ ಹೋಯ್ತಾ ಸರ್ವರ್ ಹೋಯ್ತಾ ಅಂತ ಬೆಂಗಳೂರಿಗೆ ಗೊತ್ತಾಗಲ್ಲ, ಇಲ್ಲಿ ಹರಾಜು ನಡೀತಿರುತ್ತೆ, ಅಲ್ಲಿ ಅದೂ ಪ್ರೈಮರಿ ಆಗಿ ಕೂತಿರುತ್ತೆ, ಎರಡು ಕಡೆ ಒಂದೇ ನಂಬರಿನ ಬಿಲ್. ಪ್ಯಾಟ್ರೋನಿ (ತಾನಾಗೇ ಸ್ಟ್ಯಾಂಡ್‌ಬೈಗೆ ಬದಲಾಯಿಸೋ ಟೂಲ್) ಹಾಕೋದಾದ್ರೆ, ಯಾರು ಪ್ರೈಮರಿ ಅಂತ ಬರೆದಿಡೋ ಇಟಿಸಿಡಿಗೆ ಮೂರು ಕಡೆ ನೋಡ್ ಬೇಕು. ನಿಮ್ಗೆ ಒಬ್ಬ ಮನುಷ್ಯ ಫೋನ್ ಮಾಡಿ ಖಚಿತ ಮಾಡ್ಕೊಂಡು ಪ್ರಮೋಟ್ ಮಾಡೋದು (ಸ್ಟ್ಯಾಂಡ್‌ಬೈನ ಪ್ರೈಮರಿ ಮಾಡೋದು) ಸಾಕು. ಕೋಲಾರದ ಸರ್ವರ್ ಬೂಟ್ ಆದಾಗ ಪೋಸ್ಟ್‌ಗ್ರೆಸ್ ತಾನಾಗೇ ಏಳದಂಗೆ ಸರ್ವೀಸ್ ಡಿಸೇಬಲ್ ಮಾಡಿಡಿ, ಕರೆಂಟ್ ಬಂದು ಹಳೇ ಪ್ರೈಮರಿ ಎದ್ದು ಕೂತ್ರೆ ಆ್ಯಪ್ ಅದಕ್ಕೇ ಕನೆಕ್ಟ್ ಆಗ್ಬಿಡುತ್ತೆ.

ಪ್ರಮೋಟ್ ಆದ್ಮೇಲೆ ಸೀಕ್ವೆನ್ಸ್ (ತಾನಾಗೇ ಏರೋ ನಂಬರ್) ಒಂದೇ ಸಲ 32 ನಂಬರ್‌ವರೆಗೂ ಮುಂದಕ್ಕೆ ಹಾರ್ಬೋದು. ಬಿಲ್ ನಂಬರ್ ಅದ್ರಿಂದಲೇ ಬರ್ತಿದ್ರೆ ನಡುವೆ ನಂಬರ್ ಕಾಣೆ ಆಗುತ್ತೆ, ಮಂಡಿಯವ್ರ ಆಡಿಟರ್‌ಗೆ ಈಗ್ಲೇ ಹೇಳಿಡಿ.

ಟೊಮೇಟೊ ಜೋರಾಗೋಕೆ ಮುಂಚೆ ಒಂದು ಮಧ್ಯಾಹ್ನ, ಹರಾಜು ಮುಗಿದ್ಮೇಲೆ, ಇಲ್ಲಿ ನೀಟಾಗಿ ನಿಲ್ಲಿಸಿ ಬೆಂಗಳೂರನ್ನ ಪ್ರಮೋಟ್ ಮಾಡಿ ನಿಜವಾದ ಬಿಲ್ ಅಲ್ಲಿಂದಲೇ ಹಾಕ್ಸಿ, ಆಮೇಲೆ ವಾಪಸ್ ತನ್ನಿ. ವಾಪಸ್ ತರೋ ದಾರಿ ಯೋಚ್ನೆ ಮಾಡಿಲ್ದೆ ಇದ್ರೆ ಪೂರ್ತಿ ಕಾಪಿ ಮತ್ತೆ ಮಾಡ್ಬೇಕಾಗುತ್ತೆ. ಪಿಜಿ ರಿವೈಂಡ್ (ಪೂರ್ತಿ ಕಾಪಿ ಇಲ್ದೆ ಹಳೇ ಪ್ರೈಮರಿನ ಸ್ಟ್ಯಾಂಡ್‌ಬೈ ಮಾಡೋ ಟೂಲ್) ಆಗ್ಬೇಕು ಅಂದ್ರೆ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಅನ್ನೋ ಸೆಟ್ಟಿಂಗ್ ಮೊದ್ಲೇ ಆನ್ ಇರ್ಬೇಕು. ಹಿಂಟ್ಸ್ ಆನ್ ಮಾಡಿದ್ರೆ ರೀಸ್ಟಾರ್ಟ್ ಬೇಕು, ಓಎಸ್ ಬದಲಾಯಿಸೋವಾಗ್ಲೇ ಮುಗಿಸ್ಬಿಡಿ.